ರಾತ್ರಿ ಎರಡಕ್ಕೆ ಮಗ್ಗಲು ಬದಲಿಸೋರು ಯಾರು?

ಬ್ಯಾಡಗಿ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜದ ವ್ಯಾಪಾರ... ಹಾವೇರಿ ಜಿಲ್ಲೆ ಅಂದ್ರೆ ಇವೇ ನೆನಪಾಗ್ತವೆ. ಇವತ್ತು ಯಾರೂ ಮಾತಾಡದ ಒಂದು ದುಡಿಮೆ ನೋಡೋಣ.

ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ ಅಜ್ಜ-ಅಜ್ಜಿ ವೃದ್ಧಾಶ್ರಮಕ್ಕೆ ಬಂದ್ರು ಅಂತಿಟ್ಕೊಳ್ರಿ. ಡಾಕ್ಟರ್ ಬಂದು ನೋಡಿ ಹೋಗ್ತಾರೆ. ಉಳಿದ ಹೊತ್ತೆಲ್ಲ ಜೊತೆಗಿರೋದು ಆರೈಕೆ ಸಹಾಯಕರು.

ಅವರ ಕೆಲಸ ಏನು? ಹಾಸಿಗೆ ಹಿಡಿದವರನ್ನ ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ರಾತ್ರಿನೂ. ಇಲ್ಲಾಂದ್ರೆ ಒತ್ತಡಕ್ಕೆ ರಕ್ತ ಓಡಾಡದೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗ್ತದೆ. ಊಟ ಮಾಡಿಸುವಾಗ ಕೂಡ್ರಿಸಿ ತಿನ್ನಿಸಬೇಕು; ಮಲಗಿಸಿ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳೀಬಹುದು. ಸ್ನಾನ ಮಾಡಿಸುವಾಗ ಚರ್ಮ ಕೆಂಪಾಗಿದ್ದು ಮೊದಲು ಕಾಣೋದು ಇವರಿಗೇ. ‘ದಿನಾ ಎರಡು ರೊಟ್ಟಿ ಉಣ್ಣೋ ಅಜ್ಜಿ ಇವತ್ತು ಅರ್ಧಕ್ಕೇ ಕೈ ತೊಳೆದ್ರು’ ಅನ್ನೋ ಸುದ್ದಿ ನರ್ಸ್‌ಗೆ ಮುಟ್ಟಿಸೋದೂ ಇವರೇ. ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಅಲ್ಲೇ ಸಿಗ್ತದೆ.

ಇವರ ಕೆಲಸ ಅಲ್ಲದ್ದು ಯಾವುದು? ಇಂಜೆಕ್ಷನ್ ಹಾಕೋದು, ಗುಳಿಗೆ ಹೆಚ್ಚು-ಕಡಿಮೆ ಮಾಡೋದು. ‘ತಂಗಿ, ಅಪ್ಪಗ ಇನ್ನೊಂದು ನಿದ್ದಿ ಗುಳಿಗಿ ಕೊಟ್ಟುಬಿಡವಾ’ ಅಂತ ಮನೆಯವರು ಫೋನ್ ಮಾಡಿದ್ರೆ, ‘ಇಲ್ರೀ ಅಣ್ಣಾರ, ಸಿಸ್ಟರ್‌ನ ಕೇಳ್ತೀನ್ರಿ’ ಅನ್ನಬೇಕು. ಅದು ಸೊಕ್ಕಲ್ಲ, ಜವಾಬ್ದಾರಿ.

ತೊಂದರೆ ಶುರುವಾಗೋದು ಕಸ ಗುಡಿಸೋದು, ಅಡುಗೆ, ಆರೈಕೆ ಮೂರೂ ಒಬ್ಬರ ಮೇಲೇ ಬಿದ್ದಾಗ. ಆಗ ಮೊದಲು ತಪ್ಪೋದು ಕಣ್ಣಿಗೆ ಕಾಣದ ಕೆಲಸ: ರಾತ್ರಿ ಎರಡರ ಮಗ್ಗಲು. ಶಿಕ್ಷೆ ಅಜ್ಜನ ಬೆನ್ನಿಗೆ, ಬೈಗುಳ ಸಹಾಯಕಿಗೆ.

ಪಾಲಕರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಂ, ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗುವ ವೃದ್ಧಾಶ್ರಮವನ್ನ ಸರ್ಕಾರ ತೆರೆಯಬಹುದು ಅಂತದೆ. ಆ ಕಲಂನಲ್ಲಿ ಹಿರಿಯರ ಲೆಕ್ಕ ಇದೆ, ಆರೈಕೆ ಮಾಡೋ ಕೈಗಳ ಲೆಕ್ಕ ಇಲ್ಲ.

ಹಂಗಾಗಿ ನೀವು ಕೇಳ್ರಿ. ರಾತ್ರಿ ಪಾಳಿಗೆ ಎಷ್ಟು ಮಂದಿ? ಮಗ್ಗಲು ಬದಲಿಸಿದ್ದನ್ನ ಬರೆದಿಡ್ತಾರಾ? ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿ ಆದವರು ಇದ್ದಾರಾ? ಹಿರಿಯರಿಗೆ ತೊಂದರೆ ಕಂಡ್ರೆ 14567 ಉಚಿತ ಸಹಾಯವಾಣಿ ಇದೆ.

ಮುಂದಿನ ಸಲ ಅಜ್ಜಿನ್ನ ನೋಡೋಕೆ ಹೋದಾಗ, ಆ ಸಹಾಯಕಿಯ ಹೆಸರು ಕೇಳಿ, ‘ಅಜ್ಜಿ ಹೆಂಗದಾರ್ರೀ ಅಕ್ಕಾ?’ ಅನ್ರಿ. ಡಾಕ್ಟರ್ ಚೀಟಿಯಲ್ಲಿ ಇಲ್ಲದ ಉತ್ತರ ಅಲ್ಲಿ ಸಿಗ್ತದೆ. ಬರ್ತೀನ್ರಿ.