ಕಾಸರಗೋಡಿನ ಸುದ್ದಿಯನ್ನು ಯಾರು ಹೇಳಿದರೆ ನಂಬುತ್ತೇವೆ?

(ಪ್ಲಿಮತ್‌ನಲ್ಲಿ ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರ ಭೇಟಿಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

2021ರ ಜೂನ್ ಕೊನೆಯ ವಾರದಲ್ಲಿ ನಮ್ಮೆಲ್ಲರ ಫೋನಿಗೂ ಒಂದು ಸುದ್ದಿ ಬಂದಿತ್ತು. ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಕೇರಳ ಸರ್ಕಾರ ಸದ್ದಿಲ್ಲದೆ ಬದಲಿಸುತ್ತಿದೆ ಅಂತ. ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ, ಕಾರಡ್ಕ ಕಾಡಗಂ, ಬೇಡಡ್ಕ ಬೇಡಗಂ, ಪಿಳಿಕುಂಜೆ ಪಿಳಿಕುನ್ನು, ಹೊಸದುರ್ಗ ಪುದಿಯಕೋಟ. ಪಟ್ಟಿ ಓದಿದ ಯಾವ ಕನ್ನಡಿಗನಿಗೂ ಹೊಟ್ಟೆಯಲ್ಲಿ ಸಂಕಟವಾಗುವಂಥದ್ದೇ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ದನಿ ಎತ್ತಿತು. ಕುಮಾರಸ್ವಾಮಿಯವರು ಸಾಲುಸಾಲಾಗಿ ಟ್ವೀಟ್ ಮಾಡಿದರು. (ಆಗ ಅವರದೇ ಪಕ್ಷದ ಕೇರಳ ಘಟಕ ಪಿಣರಾಯಿ ವಿಜಯನ್ ಸರ್ಕಾರದಲ್ಲಿ ಪಾಲುದಾರನಾಗಿತ್ತು, ಒಬ್ಬ ಸಚಿವರೂ ಇದ್ದರು. ಇದನ್ನು ನಮ್ಮ ಟಿವಿಗಳು ಅಷ್ಟಾಗಿ ಹೇಳಲಿಲ್ಲ.) ಎರಡು ಮೂರು ದಿನದಲ್ಲಿ ಕೇರಳದ ಕಡೆಯಿಂದ ಉತ್ತರ ಬಂತು: ಅಂಥ ಪ್ರಸ್ತಾವವೇ ಇಲ್ಲ. ಕಾಸರಗೋಡಿನ ಜಿಲ್ಲಾಧಿಕಾರಿ ಅದನ್ನೇ ಹೇಳಿದರು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೂಡ ಅದನ್ನೇ ಹೇಳಿದರು.

ಇಲ್ಲಿಂದ ಮುಂದೆ ನಾವು ಮಾಡಿದ್ದೇನು ನೋಡಿ. ಅಶ್ರಫ್ ಮುಸ್ಲಿಂ ಲೀಗ್‌ನವರು, ಆದ್ದರಿಂದ ಅವರ ಮಾತು ಲೆಕ್ಕಕ್ಕಿಲ್ಲ ಅಂದವರು ಒಂದು ಕಡೆ. ಅದೇ ಅಶ್ರಫ್ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕೇರಳ ವಿಧಾನಸಭೆಯಲ್ಲಿ ನಿಂತು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದರು, ಆಗ ನಾವೇ ಚಪ್ಪಾಳೆ ಹೊಡೆದಿದ್ದೆವು. ಇನ್ನೊಂದು ಕಡೆಯವರು, ಇದೆಲ್ಲ ಬಿಜೆಪಿಯವರು ಗಡಿಯಲ್ಲಿ ಬೆಂಕಿ ಹಚ್ಚಲು ಕಟ್ಟಿದ ಕಥೆ, ಅಲ್ಲಿ ಕನ್ನಡಕ್ಕೆ ಯಾವ ತೊಂದರೆಯೂ ಇಲ್ಲ ಅಂದುಬಿಟ್ಟರು. ಎರಡೂ ಗುಂಪಿನವರು ಸುದ್ದಿಯನ್ನು ತೂಗಲಿಲ್ಲ, ಹೇಳಿದವರ ಬಾವುಟದ ಬಣ್ಣ ನೋಡಿದರು.

ಮಂಜೇಶ್ವರದಲ್ಲಿ ಈ ರೋಗ ಯಾಕೆ ಜೋರು ಅನ್ನುವುದಕ್ಕೆ ಎರಡೇ ಅಂಕಿ ಸಾಕು. 2016ರ ಚುನಾವಣೆಯಲ್ಲಿ ಅಲ್ಲಿ ಲೀಗ್ ಬಿಜೆಪಿಯನ್ನು ಸೋಲಿಸಿದ್ದು 89 ಮತಗಳಿಂದ. 2021ರಲ್ಲಿ 745ರಿಂದ. ಅಷ್ಟು ಬಿಗಿಯಾದ ಊರಲ್ಲಿ ಶಾಲೆಯ ಹೆಂಚು ಒಡೆದರೂ ಅದರಿಂದ ಯಾರಿಗೆ ಲಾಭ ಅಂತ ಮೊದಲು ಕೇಳುತ್ತಾರೆ.

ನಾವಿಲ್ಲಿ ಬಹುಪಾಲು ಎಂಜಿನಿಯರುಗಳು. ಒಂದು ಬಗ್ ರಿಪೋರ್ಟ್ ಬಂದರೆ ಅದನ್ನು ಹಾಕಿದವನು ನಮಗಾಗದ ಟೀಮಿನವನು ಅಂತ ಮುಚ್ಚಿಬಿಡುತ್ತೇವಾ? ನಮ್ಮ ಮಷಿನ್ನಲ್ಲೂ ಅದು ಮರುಕಳಿಸುತ್ತದಾ ಅಂತ ನೋಡುತ್ತೇವೆ. ಊರಿನ ಹೆಸರು ಬದಲಾಗುವುದಕ್ಕೂ ಇಂಥ ಒಂದು ಪರೀಕ್ಷೆ ಇದೆ. ಹೆಸರು ಬದಲಾಗಬೇಕಾದರೆ ರಾಜ್ಯ ಸರ್ಕಾರದ ಪ್ರಸ್ತಾವ ಬೇಕು, ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು, ಕೊನೆಗೆ ಗೆಜೆಟ್ ಅಧಿಸೂಚನೆ ಬೇಕು. ಬ್ಯಾಂಗಲೋರ್ ಬೆಂಗಳೂರಾಗಲು, ಬೆಲ್ಗಾಮ್ ಬೆಳಗಾವಿಯಾಗಲು ಸುವರ್ಣ ಕರ್ನಾಟಕದ ವರ್ಷ 2006ರಲ್ಲಿ ಹೊರಟ ಮಾತು ಜಾರಿಗೆ ಬಂದದ್ದು 2014ರ ನವೆಂಬರ್ 1ಕ್ಕೆ. ಕಾಗದದ ಜಾಡು ಉಳಿಯದೆ ಇದು ಆಗುವ ಕೆಲಸವೇ ಅಲ್ಲ. 2021ರಲ್ಲಿ ಸುದ್ದಿ ಎಬ್ಬಿಸಿದವರು ಅಂಥ ಒಂದು ಅಧಿಸೂಚನೆಯನ್ನೂ ತೋರಿಸಲಿಲ್ಲ. ಇನ್ನು ಹೊಸದುರ್ಗ, ಪುದಿಯಕೋಟ ಎರಡರ ಅರ್ಥವೂ ಹೊಸ ಕೋಟೆ ಅಂತಲೇ. ಎರಡು ಭಾಷೆಯವರು ಒಂದೇ ಊರನ್ನು ತಮ್ಮ ತಮ್ಮ ನಾಲಿಗೆಯಲ್ಲಿ ಕರೆದುಕೊಂಡು ಬದುಕಿದ ಜಾಗ ಅದು.

ಹಾಗಾದರೆ ಕಾಸರಗೋಡಿನಲ್ಲಿ ಎಲ್ಲ ಸರಿಯಿದೆಯಾ? ಇಲ್ಲ. ನನ್ನ ಸಿಟ್ಟು ಇರುವುದು ಇಲ್ಲೇ. ಆ ವಾರ ನಾವು ಗಂಟಲು ಹರಿದುಕೊಂಡದ್ದು ಸಾಕ್ಷಿಯಿಲ್ಲದ ಸುದ್ದಿಗೆ. ಸಾಕ್ಷಿ ಇರುವ ಸುದ್ದಿ ವರ್ಷಗಳಿಂದ ಹಾಗೇ ಬಿದ್ದಿದೆ.

ಅದು ಮೇಷ್ಟರ ಸುದ್ದಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ಅವಕ್ಕೆ ಶಿಕ್ಷಕರು ಬರುವುದು ಕೇರಳ ಲೋಕಸೇವಾ ಆಯೋಗದ ಮೂಲಕ. ಕನ್ನಡವೇ ಬಾರದವರು ಆ ಶಾಲೆಗಳಿಗೆ ಗಣಿತಕ್ಕೋ ವಿಜ್ಞಾನಕ್ಕೋ ನೇಮಕವಾಗಿ ಬಂದದ್ದು ಒಂದು ಸಲ ಎರಡು ಸಲ ಅಲ್ಲ. ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲ, ಮೇಷ್ಟರಿಗೆ ಮಕ್ಕಳ ಪ್ರಶ್ನೆ ಅರ್ಥವಾಗುವುದಿಲ್ಲ. ತಂದೆತಾಯಿ ಪ್ರತಿಭಟನೆ ಮಾಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಮರುವರ್ಷ ಅನುಕೂಲಸ್ಥರು ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಮಕ್ಕಳು ಕಡಿಮೆಯಾದರೆ ಹುದ್ದೆ ಕಡಿಮೆ. ಯಾವ ಅಧಿಸೂಚನೆಯೂ ಇಲ್ಲದೆ ಒಂದು ಕನ್ನಡ ಶಾಲೆ ಮುಚ್ಚುವುದು ಹೀಗೆ. ಅದು ಒಂದು ದಿನದಲ್ಲಿ ಆಗುವುದಿಲ್ಲ, ಆದ್ದರಿಂದ ಅದು ಯಾವ ದಿನದ ಪತ್ರಿಕೆಯಲ್ಲೂ ಮುಖಪುಟದ ಸುದ್ದಿಯಾಗುವುದಿಲ್ಲ.

ಬೆಂಗಳೂರಿನ ಬಹಳ ಮಂದಿಗೆ ಈ ವಿಷಯ ಮೊದಲು ತಿಳಿದದ್ದು 2018ರಲ್ಲಿ, ರಿಷಬ್ ಶೆಟ್ಟಿಯವರ ಕಾಸರಗೋಡಿನ ಸರ್ಕಾರಿ ಶಾಲೆಯ ಸಿನಿಮಾ ನೋಡಿದ ಮೇಲೆ. ಪತ್ರಿಕೆಗಳು ಸುದ್ದಿ ಬಚ್ಚಿಟ್ಟಿದ್ದವು ಅಂತ ಆಗ ಕೆಲವರು ಬೈದರು. ನನ್ನ ಪ್ರಕಾರ ಬಚ್ಚಿಡಲು ಯಾರೂ ಕಷ್ಟಪಡಬೇಕಾಗಿರಲಿಲ್ಲ. ನಮ್ಮ ದಿನಪತ್ರಿಕೆಗಳ ಆವೃತ್ತಿಗಳು ಜಿಲ್ಲೆಯ ಲೆಕ್ಕದಲ್ಲಿ ಅಚ್ಚಾಗುತ್ತವೆ. ಕಾಸರಗೋಡಿನ ಶಾಲೆಯ ಗಲಾಟೆ ಮಂಗಳೂರಿನಿಂದ ಬರುವ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಫೋಟೋ ಸಮೇತ ಬಂದಿರುತ್ತದೆ. ಅದನ್ನು ಓದುವವರು ಅದೇ ಗಲಾಟೆಯಲ್ಲಿ ನಿಂತಿದ್ದವರು. ತುಮಕೂರು, ಧಾರವಾಡದ ಓದುಗನಿಗೆ ಆ ಪುಟವೇ ಬರುವುದಿಲ್ಲ. ಸುದ್ದಿ ಇದ್ದೂ ಇಲ್ಲದಂತೆ. ರಾಜಕಾರಣದಲ್ಲೂ ಇದೇ ಕಥೆ: ಕಾಸರಗೋಡಿನವರಿಗೆ ಕರ್ನಾಟಕದಲ್ಲಿ ಓಟಿಲ್ಲ, ಕೇರಳದ 140 ಶಾಸಕರಲ್ಲಿ ಇಡೀ ಜಿಲ್ಲೆಗೆ ಐದು ಮಂದಿ. ಅವರ ಪರವಾಗಿ ಇರುವುದು ಸಂವಿಧಾನದ 350ಎ ವಿಧಿ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಕೊಡಿ ಅನ್ನುತ್ತದೆ ಅದು. ಕಾಸರಗೋಡು ಕೇರಳಕ್ಕೆ ಹೋದ 1956ರಲ್ಲೇ ಸೇರಿದ ವಿಧಿ.

ಈಗ ಸ್ವಲ್ಪ ಕಹಿ ಮಾತು. ಗಡಿ ಚಳವಳಿ ಅಂದರೆ ನಾವು ಮಹಾಜನ್ ವರದಿ ಹಿಡಿದು ಕೂರುತ್ತೇವೆ. ಚಂದ್ರಗಿರಿ ನದಿಯ ಉತ್ತರದ ಭಾಗ ನಮಗೆ ಸೇರಬೇಕು ಅಂತ 1967ರಲ್ಲೇ ಅದು ಹೇಳಿದ್ದು ನಿಜ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು ಅಂತ ಆ ಜನ ಮಂಗಳೂರಿಗೆ ಬರುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ಯಾರು? ಕರ್ನಾಟಕ ಸರ್ಕಾರ. ಕಾಸರಗೋಡಿನ ಉತ್ತರ ಭಾಗದವರಿಗೆ ಡಯಾಲಿಸಿಸ್ ಇರಲಿ, ಹೆರಿಗೆ ಇರಲಿ, ಆಸ್ಪತ್ರೆ ಅಂದರೆ ಮಂಗಳೂರೇ. 2013ರಲ್ಲಿ ಶಂಕುಸ್ಥಾಪನೆಯಾದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ ಆಗಿನ್ನೂ ಆಸ್ಪತ್ರೆ ಶುರುವಾಗಿರಲಿಲ್ಲ. ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ವಾಪಸ್ಸಾದವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಓಡಿತು. ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದ ಆದದ್ದು ಏಪ್ರಿಲ್ 7ರ ಹೊತ್ತಿಗೆ. ಇದನ್ನು ಬರೆದದ್ದು ಮಲಯಾಳ ಪತ್ರಿಕೆಗಳು, ಹೇಳಿದ್ದು ಎಡಪಕ್ಷದ ಸರ್ಕಾರ, ಹಾಗಾಗಿ ನಮ್ಮಲ್ಲಿ ಅದು ಕೇರಳದವರ ಗೋಳು ಅನ್ನಿಸಿಕೊಂಡಿತು. ತಡೆಯ ಆಚೆ ನಿಂತವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ನೆಲ ನಮ್ಮದು, ರೋಗಿ ಅವರದು ಅಂದರೆ ಹೇಗೆ ಸ್ವಾಮಿ?

ಇದು ಕೇರಳ ಕರ್ನಾಟಕದ ವಿಶೇಷವೇನೂ ಅಲ್ಲ. ಇಲ್ಲಿಂದ ಯುಎಸ್-23 ಹಿಡಿದು ಉತ್ತರಕ್ಕೆ ಒಂದು ಗಂಟೆ ಹೋದರೆ ಫ್ಲಿಂಟ್. 2014ರ ಏಪ್ರಿಲ್‌ನಲ್ಲಿ ಅಲ್ಲಿಯ ನಲ್ಲಿಗೆ ನದಿಯ ನೀರು ಬಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್ ಕಾರ್ಖಾನೆಗೆ ಆ ನೀರು ಬೇಡ ಅಂದಿತು, ಬಿಡಿಭಾಗ ತುಕ್ಕು ಹಿಡಿಯುತ್ತದೆ ಅಂತ. ಮನೆಯವರು ಅದನ್ನೇ ಕುಡಿಯುತ್ತಿದ್ದರು! ಸೀಸದ ವಿಷಯವನ್ನು ಬೆನ್ನು ಹತ್ತಿ ಹೊರತಂದ ಕರ್ಟ್ ಗಯೆಟ್ ಆಗ ಯಾವ ಪತ್ರಿಕೆಯ ವರದಿಗಾರರೂ ಅಲ್ಲ, ಮಿಷಿಗನ್ನಿನ ಎಸಿಎಲ್‌ಯು ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ. ಎಸಿಎಲ್‌ಯು ಹೆಸರು ಕೇಳಿದರೇ ಮುಖ ತಿರುಗಿಸುವವರು ಈ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಆದರೆ ನೀರಿನ ಸೀಸವನ್ನು ಯಾರು ಅಳೆದರೂ ಸೀಸವೇ. 2015ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಮೋನಾ ಹನ್ನಾ-ಅಟಿಶಾ ಮಕ್ಕಳ ರಕ್ತದ ಅಂಕಿಗಳನ್ನು ಮುಂದಿಟ್ಟರು, ಮರುತಿಂಗಳು ನೀರು ಬದಲಾಯಿತು.

ಕಾಸರಗೋಡಿನ ಶಾಲೆಗಳಿಗೆ ನಮಗೆ ಬೇಕಾದದ್ದು ಅಂಥ ಅಂಕಿ. ಯಾವ ಶಾಲೆ, ಯಾವ ವಿಷಯ, ಎಷ್ಟು ಕಾಲದಿಂದ ಕನ್ನಡ ಬಲ್ಲ ಶಿಕ್ಷಕರಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳು ಸಂಸತ್ತಿಗೆ ಹೋಗುತ್ತವೆ, ಅವನ್ನು ತೆರೆದು ನೋಡುವವರೇ ಕಡಿಮೆ.

ಕೈಯಲ್ಲೇ ಇರುವ ಇನ್ನೊಂದು ಕೆಲಸ ಹೇಳಿ ಮುಗಿಸುತ್ತೇನೆ. 2025ರಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. 2026ರ ಜನವರಿಯಲ್ಲಿ, ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅದನ್ನು ಕೈಬಿಡಿ ಅಂತ ಪಿಣರಾಯಿಯವರಿಗೆ ಪತ್ರ ಬರೆದರು. 7ನೇ ಕಲಮಿನಲ್ಲಿ ಕನ್ನಡ, ತಮಿಳು ಮಾತಾಡುವವರಿಗೆ ರಕ್ಷಣೆ ಇದೆ ಅಂತ ಪಿಣರಾಯಿ ಹೇಳಿದರು. ಇಬ್ಬರಲ್ಲಿ ಯಾರು ಸುಳ್ಳು ಅನ್ನುವುದರ ಬಗ್ಗೆ ಈ ಕೋಣೆಯಲ್ಲೇ ಎರಡು ಪಕ್ಷ ಇದೆ ಅಂತ ನನಗೆ ಗೊತ್ತು, ಕಾಫಿ ಹೊತ್ತಲ್ಲಿ ಕೇಳಿಸಿಕೊಂಡೆ. 7ನೇ ಕಲಮನ್ನು ಪೂರ್ತಿ ಓದಿದವರು ಎಷ್ಟು ಮಂದಿ? ಪ್ರಿಂಟ್ ತಂದಿದ್ದೇನೆ. ಬದಿಯಡ್ಕ, ಕುಂಬಳೆ ಕಡೆಯ ಮಲಯಾಳ ಬಲ್ಲ ಗೆಳೆಯರು ನಮ್ಮಲ್ಲೇ ಇದ್ದಾರೆ, ಮೂಲದ ಜೊತೆ ಇಟ್ಟು ಓದಲು ಅವರು ಒಪ್ಪಿದ್ದಾರೆ. ಬರುವ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಇದೇ ಜಾಗ. ಬರುವವರು ಹೆಸರು ಕೊಡಿ.