ಯಂತ್ರವಿದ್ಯೆ ಮತ್ತು ನಮ್ಮ ಮಕ್ಕಳು

(ಹೊಸೂರಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ಊರಿನ ಸುತ್ತ ರಾಗಿಯ ಹೊಲಗಳನ್ನಷ್ಟೇ ಕಂಡಿದ್ದ ಹಿರಿಯರು ಸಭೆಯಲ್ಲಿದ್ದೀರಿ. 1980ರಲ್ಲಿ ಇಲ್ಲಿಂದ ಟಿ.ವಿ.ಎಸ್. 50 ಮೊಪೆಡ್ ಹೊರಬಂದಿತು. ಅದೇ ದಶಕದಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ತಲೆಯೆತ್ತಿತು. ಆದರೂ ನಮ್ಮ ಮನೆಗಳಲ್ಲಿ ಒಂದು ಮಾತು ಇನ್ನೂ ಕೇಳಿಬರುತ್ತಿದೆ: ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಕಾರ್ಖಾನೆಗೆ ಹೋದರೆ ಹೊರೆ ಹೊರಬೇಕಾದೀತು ಎಂದು. ಈ ಮಾತಿಗಂಜಿ ಮಕ್ಕಳನ್ನು ನಮ್ಮ ಶಾಲೆಯಿಂದ ಬಿಡಿಸುವವರೂ ಉಂಟು. ಅದು ನಿಜವೇ ಎಂದು ನೋಡೋಣ.

ಕೈಗಡಿಯಾರವನ್ನೇ ತೆಗೆದುಕೊಳ್ಳಿ. ಅದರೊಳಗಿನ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಇದೇಕೆ ಇಂಥ ವಿಚಿತ್ರ ಸಂಖ್ಯೆ? ಹದಿನೈದು ಬಾರಿ ಅರ್ಧ ಮಾಡುತ್ತ ಹೋಗಿ. ಸರಿಯಾಗಿ ಒಂದು ಉಳಿಯುತ್ತದೆ. ಅದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ನಮ್ಮ ಮಕ್ಕಳು ಓದುವ ಘಾತಾಂಕಗಳ ಪಾಠವಲ್ಲವೇ ಇದು! 2002ರಲ್ಲಿ ಟೈಟನ್ ಹೊರತಂದ ‘ಎಡ್ಜ್’ ಗಡಿಯಾರದ ದಪ್ಪ 3.5 ಮಿಲಿಮೀಟರು, ಒಳಗಿನ ಯಂತ್ರದ್ದು 1.15 ಮಾತ್ರ. ಇಂಥ ಕೆಲಸದಲ್ಲಿ ಅಳತೆ ಮೈಕ್ರಾನುಗಳಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ನೂರು ಮಿಲಿಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒಂದು ಮೈಕ್ರಾನಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಆದುದರಿಂದಲೇ ಸೂಕ್ಷ್ಮ ಅಳತೆಯ ಕೋಣೆಯನ್ನು 20 ಡಿಗ್ರಿಯಲ್ಲಿ ಇರಿಸುತ್ತಾರೆ. ಅಂಗೈಯ ಬಿಸಿಗೇ ಅಳತೆ ತಪ್ಪುತ್ತದೆ! ಇದನ್ನರಿತು ದುಡಿಯುವವನನ್ನು ಹೊರೆಯಾಳೆಂದು ಕರೆಯಲಾದೀತೇ?

ಗಣಕದ ಆಣತಿಯಂತೆ ಲೋಹ ಕೊರೆಯುವ ಸಿ.ಎನ್.ಸಿ. ಯಂತ್ರಗಳಲ್ಲಿ ‘ಜಿ 01’ ಎಂದರೆ ಸರಳರೇಖೆ, ‘ಜಿ 02’ ಎಂದರೆ ಪ್ರದಕ್ಷಿಣೆಯ ದಿಕ್ಕಿನ ಕಂಸ. ಉಪಕರಣ ಯಾವ ಬಿಂದುವಿಗೆ ಸಾಗಬೇಕೆಂಬುದು ನಿರ್ದೇಶಾಂಕ ರೇಖಾಗಣಿತ. ಓರೆಯ ಲೆಕ್ಕ ತ್ರಿಕೋನಮಿತಿ. ಎರಡನ್ನೂ ನಮ್ಮ ಮಕ್ಕಳು ಹತ್ತನೆಯ ತರಗತಿಯೊಳಗೆ ಕನ್ನಡದಲ್ಲೇ ಕಲಿತಿರುತ್ತಾರೆ. ಇಂಗ್ಲಿಷ್ ಪರಿಭಾಷೆ ಬೇಕು, ಅಲ್ಲಗಳೆಯೆನು. ಈ ಊರಿನಲ್ಲಿ ತಮಿಳೂ ಬೇಕು. ಅರ್ಥ ತಿಳಿದವನು ಹೆಸರುಗಳನ್ನು ವರ್ಷದೊಳಗೆ ಕಲಿತಾನು. ಹೆಸರನ್ನಷ್ಟೇ ಬಾಯಿಪಾಠ ಮಾಡಿದವನಿಗೆ ಅರ್ಥ ಎಂದು ಹೊಳೆದೀತು?

ಹತ್ತನೆಯ ತರಗತಿಯ ಬಳಿಕ ಐ.ಟಿ.ಐ.ಯಲ್ಲಿ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಶಿಕ್ಷಣವಿದೆ. ಅಲ್ಲಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾದಿಂದ ಬಿ.ಇ.ಯ ಎರಡನೆಯ ವರ್ಷಕ್ಕೆ ದಾರಿಯುಂಟು. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಲಿಯುವಾಗಲೇ ಶಿಷ್ಯವೇತನವೂ ಸಲ್ಲಬೇಕು. ಆದರೆ ತರಬೇತಿಯ ಹೆಸರಿನಲ್ಲಿ ಏನನ್ನೂ ಕಲಿಸದೆ ದುಡಿಸಿಕೊಳ್ಳುವವರೂ ಇಲ್ಲದಿಲ್ಲ. ಸೇರುವ ಮುನ್ನ ಕರಾರುಪತ್ರವನ್ನು ಕೇಳಿ ಓದಿರಿ. ತಾಯಂದಿರೇ, ಹೆಣ್ಣುಮಕ್ಕಳನ್ನೂ ಈ ಲೆಕ್ಕದಿಂದ ಬಿಡಬೇಡಿ.

ಸಂಘದವರಲ್ಲಿ ನನ್ನದೊಂದು ಬಿನ್ನಹ. ವಾಚನಾಲಯದಲ್ಲಿ ಪತ್ರಿಕೆಗಳ ಪಕ್ಕಕ್ಕೆ ಒಂದು ವರ್ನಿಯರ್ ಕ್ಯಾಲಿಪರನ್ನೂ ಒಂದು ಮೈಕ್ರೊಮೀಟರನ್ನೂ ಇರಿಸಿ. ಭಾನುವಾರ ಬಂದ ಮಕ್ಕಳು ತಮ್ಮ ತಲೆಗೂದಲಿನ ದಪ್ಪವನ್ನು ತಾವೇ ಅಳೆಯಲಿ.