ಗುಡ್ಡ ಜರಿದ ಊರುಗಳಲ್ಲಿ ಸಮಾಜಕಾರ್ಯ



2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಮುಂತಾದೆಡೆ ಗುಡ್ಡಗಳು ಜರಿದವು. ಸತ್ತವರ, ಬಿದ್ದ ಮನೆಗಳ, ಕೊಚ್ಚಿಹೋದ ತೋಟಗಳ ಲೆಕ್ಕ ಸರ್ಕಾರಿ ಕಡತಗಳನ್ನು ಸೇರಿತು. ಕಡತ ಸೇರದ ನಷ್ಟವೊಂದಿದೆ: ಊರು ಚದುರಿದ್ದು.

ಸಂತ್ರಸ್ತರಿಗಾಗಿ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬಡಾವಣೆಗಳು ಎದ್ದವು. ತಲೆಯ ಮೇಲೊಂದು ಸೂರು ದೊರೆತದ್ದು ಸಣ್ಣ ಮಾತಲ್ಲ. ಆದರೆ ಬೆಟ್ಟದ ಊರಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ದಾಟಿ ನಡೆಯಬೇಕಿದ್ದರೂ ಸಾವಿಗೆ, ಮದುವೆಗೆ, ನಾಟಿಗೆ ನೆರೆಯವರು ಒದಗುತ್ತಿದ್ದರು. ಬಡಾವಣೆಯಲ್ಲಿ ಬಾಗಿಲ ಎದುರೇ ಬಾಗಿಲು. ಒಳಗಿರುವವರು ಯಾವ ಊರಿನವರೋ! ಮನೆ ಹಂಚುವಾಗ ಒಂದೇ ಊರಿನವರನ್ನು ಒಂದೇ ಸಾಲಿನಲ್ಲಿ ಇರಿಸಿದರೆ ಅರ್ಧ ಚಿಕಿತ್ಸೆ ಆದಂತೆಯೇ. ಹುತ್ತರಿಗೆ ಕೋಲಾಡುವ ಮಂದ್ ಎಂದರೇನೆಂಬುದನ್ನು ನಕ್ಷೆ ಬರೆಯುವ ಎಂಜಿನಿಯರರಿಗೆ ಊರಿನವರೇ ಹೇಳಿಕೊಡಬೇಕು.

ಸಮಾಜಕಾರ್ಯವೆಂದರೆ ಅಕ್ಕಿ, ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳುವುದೆಂಬ ಭಾವನೆ ಇನ್ನೂ ಅಳಿದಿಲ್ಲ. ಆ ವಿದ್ಯೆಯ ತಿರುಳು ಬೇರೆ. 1984ರ ಭೋಪಾಲ ದುರಂತದ ನಂತರ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ನೀಡಿದರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ವೇಳೆಗೆ ಈ ತರಬೇತಿ ವೈದ್ಯರನ್ನು ದಾಟಿ ಹಳ್ಳಿಯ ಕಾರ್ಯಕರ್ತರನ್ನು ತಲುಪಿತ್ತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಮನೋಸಾಮಾಜಿಕ ನೆರವಿಗೆಂದೇ ಮಾರ್ಗಸೂಚಿ ಹೊರಡಿಸಿತು. ಕಾರಣ ಸರಳ. ಮಳೆಯ ಸದ್ದಿಗೆ ಬೆಚ್ಚಿ ರಾತ್ರಿಯೆಲ್ಲ ಎಚ್ಚರವಿರುವ ಮಗುವಿನ ಬಳಿ ಪ್ರತಿ ಆಗಸ್ಟ್‌ನಲ್ಲಿಯೂ ಕೂರಬಲ್ಲವರು ಅಂಗನವಾಡಿಯ ಅಕ್ಕ, ಆಶಾ ಕಾರ್ಯಕರ್ತೆ, ಪಕ್ಕದ ಮನೆಯ ಅಜ್ಜಿ; ನಗರದಿಂದ ಒಂದು ವಾರಕ್ಕೆ ಬಂದ ಆಪ್ತಸಮಾಲೋಚಕರಲ್ಲ.

ಇಲ್ಲಿ ಕೃಷಿಯ ಮಾತೊಂದನ್ನು ಸೇರಿಸದೆ ವಿಧಿಯಿಲ್ಲ. ನೆರವಿನ ಪಂಚಾಂಗವೇ ಬೇರೆ, ದುಃಖದ ಪಂಚಾಂಗವೇ ಬೇರೆ. ಪರಿಹಾರ ಶಿಬಿರದ ಎದುರು ಸಾಲುಗಟ್ಟುವ ವಾಹನಗಳು ವರ್ಷ ಕಳೆಯುವುದರೊಳಗೆ ಮಾಯವಾಗುತ್ತವೆ. ಕಾಫಿ ಗಿಡವಾದರೋ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಮೊದಲ ಫಸಲು ಕೊಡುತ್ತದೆ. ಮೇಲ್ಮಣ್ಣೇ ಜಾರಿಹೋದ ಇಳಿಜಾರಿನಲ್ಲಿ ಅದೂ ಕಷ್ಟ. ಕೆಳಗಿನ ಗಟ್ಟಿ ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಹಲಸು, ಅತ್ತಿ ಬೆಳೆದು ನೆರಳಾಗಲು ಒಂದು ತಲೆಮಾರು ಬೇಕು. ಅಜ್ಜ ನೆಟ್ಟ ಮರದೊಂದಿಗೆ ತೋಟ ಕಳೆದುಕೊಂಡವನಿಗೆ ಮನಸ್ಸಿನ ನೋವು, ಆದಾಯದ ಕೊರತೆ ಎಂದು ಎರಡು ಖಾತೆಗಳಿಲ್ಲ. ಎರಡನೆಯ, ಮೂರನೆಯ ವರ್ಷದಲ್ಲಿ ಸಾಲಗಾರ ಬಾಗಿಲಿಗೆ ಬಂದಾಗ ಅವನ ಜೊತೆ ಯಾರಿರುತ್ತಾರೆ?

ಇರಬಲ್ಲದ್ದು ಊರಿನ ಸಂಘವೊಂದೇ. ಸ್ತ್ರೀಶಕ್ತಿ ಗುಂಪುಗಳು ರಾಜ್ಯದಲ್ಲಿ 2000ದಿಂದಲೂ ಇವೆ. ಉಳಿತಾಯ, ಸಾಲ ಅವಕ್ಕೆ ಕರತಲಾಮಲಕ. ಆದರೆ ಮೇಲ್ಮನವಿ ಬರೆಯುವುದು, ಕಚೇರಿಯ ಉತ್ತರವನ್ನು ಕಾಪಿಡುವುದು, ಸಭೆಯ ಜಗಳವನ್ನು ಸಭೆಯಲ್ಲಿಯೇ ತೀರಿಸುವುದು, ಅಧ್ಯಕ್ಷರಿಲ್ಲದ ದಿನವೂ ಕೆಲಸ ಸಾಗಿಸುವುದು ಕಲಿಕೆಯಿಂದ ಬರತಕ್ಕವು. ಸಮಾಜಕಾರ್ಯದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಬಂದಾಗ ಹೊಸ ಸಂಘ ಕಟ್ಟುವ ಉಮೇದನ್ನು ಬಿಟ್ಟು, ಇರುವ ಸಂಘದ ನಡವಳಿ ಪುಸ್ತಕದ ಪಕ್ಕದಲ್ಲಿ ಕುಳಿತರೆ ಒಳಿತು. ಅವರು ವರದಿ ಬರೆದು ಹೊರಟ ಮೇಲೆ ಪುಸ್ತಕ ಬರೆಯಬಲ್ಲ ಇಬ್ಬರು ಊರಿನಲ್ಲಿ ಉಳಿದಿರಬೇಕು.

ಲೈನ್‌ಮನೆಗಳ ಕೂಲಿಕಾರರನ್ನು ಈ ಸಭೆಗೆ ಕರೆಯುವುದು ಯಾರು? ಅವರಿಗೆ ಜಮೀನಿಲ್ಲ, ಪಹಣಿಯಿಲ್ಲ. ಆದ್ದರಿಂದ ಅವರ ನಷ್ಟ ಪಟ್ಟಿಗೆ ಏರುವುದು ಕಷ್ಟ. ತೋಟದ ಯಜಮಾನರ ಎದುರು ಅವರು ಬಾಯಿ ಬಿಡುವುದಿಲ್ಲವೆಂಬುದೂ ನಿಜ. ಮೊದಲು ಅವರಷ್ಟಕ್ಕೆ ಪ್ರತ್ಯೇಕವಾಗಿ ಕೂಡಿಸಿ ಕೇಳಿ, ಆನಂತರ ಒಟ್ಟು ಸಭೆಗೆ ತರುವುದೇ ಸರಿಯಾದ ಕ್ರಮ.

ಮೇ ತಿಂಗಳ ಸಭೆಯಲ್ಲಿ ಈ ಹೆಸರುಗಳನ್ನು ಬರೆದಿಡಬೇಕು: ಒಂಟಿ ವೃದ್ಧರನ್ನು ಯಾರು ಕರೆತರುವುದು, ಶಾಲೆಯ ಬೀಗದ ಕೈ ಯಾರ ಬಳಿ, ಮಳೆ ಜೋರಾದ ರಾತ್ರಿ ಯಾವ ಮನೆಯವರು ಯಾವ ಮನೆಗೆ ಹೋಗಿ ಮಲಗುವುದು.